ಹಳೆಯ ಅಡಿಗಟ್ಟು, ಹೊಸ ಮೈ

ಅಮಾವಾಸ್ಯೆಯ ದಿವಸ ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ವಾಹನ ನಿಲ್ಲಿಸಲು ಗೇಣು ಜಾಗ ಸಿಗುವುದೂ ದುರ್ಲಭ. ಭೀಮಾನದಿಯಲ್ಲಿ ಮಿಂದು ಭಾಗ್ಯವಂತಿ ದೇವಿಯ ದರ್ಶನ ಪಡೆಯಲೆಂದು ಬರುವ ಭಕ್ತರನ್ನು ಹೊತ್ತು ಬಸ್ಸು, ಟ್ರ್ಯಾಕ್ಟರು, ಟಂಟಂ, ಜೀಪು ಎಲ್ಲವೂ ಅಲ್ಲಿ ಬಂದು ಸೇರುತ್ತವೆ. ಅಂಥದೊಂದು ದಿವಸ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ, ಒಕ್ಕಲುತನದವರು, ನಮ್ಮನ್ನು ಒಂದು ಜೀಪಿನ ಬಳಿಗೆ ಕರೆದುಕೊಂಡು ಹೋದರು. ಅದನ್ನು ಕೊಳ್ಳುವ ಮನಸ್ಸು ಅವರಿಗಿತ್ತು. ಮುಂಗಡ ಕೊಡುವುದೊಂದೇ ಬಾಕಿ. ಅಗಲವಾದ ಮೂತಿ, ಉಬ್ಬಿದ ಮಡಗಾರ್ಡು, ಗಟ್ಟಿ ತಗಡಿನ ಮಾಡು, ಕಣ್ಣು ಕುಕ್ಕುವ ದೀಪಗಳು; ಮೇಲುನೋಟಕ್ಕೆ ಮೊನ್ನೆಯಷ್ಟೆ ಕಾರ್ಖಾನೆಯಿಂದ ಹೊರಬಂದಂತಿತ್ತು. ನೋಂದಣಿಪತ್ರವನ್ನು ಬಿಚ್ಚಿ ನೋಡಿದರೆ ತಯಾರಾದ ವರ್ಷ 1976 ಎಂದಿತ್ತು.

"ಸರ, ಇದಕ್ಕ ಟ್ಯಾಕ್ಸೇ ಇಲ್ಲ ಅಂತಾನ್ರಿ ಮಾರಾಂವ. ಇದು ಹೊಸಾ ಗಾಡಿ ಏನ್ರಿ, ಹಳೀ ಗಾಡಿ ಏನ್ರಿ?" ಎಂದು ಅವರು ಕೇಳಿದರು.

ಪ್ರಶ್ನೆ ಎರಡು ಮಾತಿನದು. ಆದರೆ ತೆರಿಗೆಯ ಕಛೇರಿ ಇದಕ್ಕೆ ಒಂದು ಬಗೆಯಾಗಿ ಉತ್ತರಿಸೀತು, ನ್ಯಾಯಾಲಯ ಇನ್ನೊಂದು ಬಗೆಯಾಗಿ. ಗಾಡಿಯು ಆರು ಜನರನ್ನು ಹೊತ್ತು ತಿರುವಿನಲ್ಲಿ ಓಡುವಾಗ ಯಂತ್ರಶಾಸ್ತ್ರದ ನಿಯಮಗಳು ಕೊಡುವ ಉತ್ತರವೇ ಬೇರೆ. ಆ ದಿವಸ ನಾವು ಅವರಿಗೆ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತೇವೆ.

ಮೋಟಾರು ಗಾಡಿಯ ಮೈಯನ್ನೂ ಅದರ ಅಡಿಗಟ್ಟನ್ನೂ ಬೇರ್ಪಡಿಸಬಹುದೆಂಬ ಸಂಗತಿ ನಮ್ಮವರಿಗೆ ಹೊಸತಲ್ಲ. ಹೆದ್ದಾರಿಯಲ್ಲಿ ಮೈಯಿಲ್ಲದ ಬಸ್ಸೊಂದು, ಬರಿಯ ಎಂಜಿನ್ನು, ಗಾಲಿ, ಚಕ್ರಪೀಠಗಳೊಡನೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಚಾಲಕನನ್ನು ಬಿಸಿಲಲ್ಲಿ ಕೂರಿಸಿಕೊಂಡು ಓಡುವುದನ್ನು ಎಲ್ಲರೂ ಕಂಡಿದ್ದಾರೆ. ಗ್ಯಾರೇಜಿನವರು ಚಾಸಿ ಎಂದು ಕರೆಯುವುದು ಇದನ್ನೇ. ಮೈ ಕಟ್ಟುವವರು ಅದರ ಮೇಲೆ ಗೋಡೆ, ಮಾಡು, ಆಸನಗಳನ್ನು ಕೂರಿಸಿದ ಮೇಲೆ ಅದು ಬಸ್ಸಾಗುತ್ತದೆ. ಇದಕ್ಕಿಂತಲೂ ಹಳೆಯ ಉದಾಹರಣೆ ನಮ್ಮ ಊರೂರ ತೇರು. ಗಡ್ಡೆ ಎಂದು ಕರೆಯುವ ಕೆಳಭಾಗ, ಅದರ ಅಚ್ಚು, ದಪ್ಪನೆಯ ಗಾಲಿಗಳು ತಲೆಮಾರುಗಳವರೆಗೆ ಅವೇ ಇರುತ್ತವೆ. ಮೇಲಿನ ಗೋಪುರವನ್ನು ಗಳು, ಹಗ್ಗ, ಬಟ್ಟೆಗಳಿಂದ ಜಾತ್ರೆಗೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಹಾಗೆಂದು ಈ ವರ್ಷದ ತೇರು ಬೇರೆ ತೇರೆಂದು ಯಾರೂ ಹೇಳುವುದಿಲ್ಲ. ಆ ಗೋಪುರವನ್ನು ಗಳು ಬಟ್ಟೆಗಳಿಂದಲೇ ಏಕೆ ಕಟ್ಟುತ್ತಾರೆಂಬುದನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಈಗಿನ ಸಣ್ಣ ಕಾರುಗಳಲ್ಲಿ ಹೀಗೆ ಬೇರ್ಪಡಿಸುವುದು ಸಾಧ್ಯವಿಲ್ಲ. ಅವುಗಳಲ್ಲಿ ನೆಲ, ಗೋಡೆ, ಮಾಡುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಮೊಟ್ಟೆಯ ಚಿಪ್ಪಿನಂತೆ ತಾವೇ ಭಾರವನ್ನು ಹೊರುತ್ತವೆ. ಜೀಪಿನ ಜಾತಿಯ ಗಾಡಿಗಳು ಮಾತ್ರ ಇಂದಿಗೂ ಬಹುಮಟ್ಟಿಗೆ ಏಣಿಯಂಥ ಅಡಿಗಟ್ಟನ್ನು ಉಳಿಸಿಕೊಂಡಿವೆ: ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ ವಿಲ್ಲೀಸ್ ಜೀಪು ಹೀಗೆಯೇ ಇತ್ತು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿ, ಮುಂದೆ ದಶಕಗಟ್ಟಲೆ ತಯಾರಿಸಿದ ಜೀಪುಗಳೂ ಹೀಗೆಯೇ ಇದ್ದವು. 2020ರಲ್ಲಿ ಹೊಸ ರೂಪದಿಂದ ಬಂದ ಥಾರ್ ಕೂಡ ಏಣಿಯ ಮೇಲೆಯೇ ನಿಂತಿದೆ. ಹತ್ತಾರು ಬೋಲ್ಟುಗಳನ್ನು ಬಿಚ್ಚಿದರೆ ಮೈಯನ್ನು ಎತ್ತಿ ಪಕ್ಕಕ್ಕಿಡಬಹುದು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳು ಜೀಪುಗಳನ್ನು ಹೀಗೆ ಬಿಚ್ಚಿ ಕಟ್ಟುವುದಕ್ಕಾಗಿಯೇ ಪ್ರಸಿದ್ಧವಾಗಿವೆ.

ಬಿಚ್ಚಿ ಕಟ್ಟುವ ಈ ಉತ್ಸಾಹಕ್ಕೆ ತೆರಿಗೆಯೂ ಒಂದು ಕಾರಣ. ನಮ್ಮ ರಾಜ್ಯದಲ್ಲಿ 1957ರ ಮೋಟಾರು ವಾಹನ ತೆರಿಗೆ ಅಧಿನಿಯಮದ ಮೇರೆಗೆ ಸ್ವಂತ ಬಳಕೆಯ ಗಾಡಿಗೆ ಆಜೀವ ತೆರಿಗೆಯನ್ನು ಮೊದಲೇ ಕಟ್ಟಬೇಕು. ಈಚಿನ ವರ್ಷಗಳಲ್ಲಿ ಅದು ಬೆಲೆಗನುಸಾರವಾಗಿ ನೂರಕ್ಕೆ 13ರಿಂದ 18ರವರೆಗೆ ಇದೆ. ಅದರ ಮೇಲೆ ಉಪಕರ ಬೇರೆ. ಹೊಸ ಜೀಪಿನ ಬೆಲೆ 15 ಲಕ್ಷವೆಂದು ಹಿಡಿದರೆ ನೂರಕ್ಕೆ 17ರಂತೆ 2,55,000 ರೂಪಾಯಿ ತೆರಿಗೆಗೇ ಹೋಗುತ್ತದೆ. ಹಳೆಯ ಜೀಪಿಗಾದರೋ ಆಜೀವ ತೆರಿಗೆ ಎಂದೋ ಸಂದುಹೋಗಿರುತ್ತದೆ; ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿ ಅಲ್ಪ ಮೊತ್ತದ ಹಸಿರು ತೆರಿಗೆ ಕೊಟ್ಟರಾಯಿತು. ನವೀಕರಣದ ಶುಲ್ಕವನ್ನು ಕೇಂದ್ರ ಸರಕಾರ 2022ರಲ್ಲಿ 600ರಿಂದ 5,000 ರೂಪಾಯಿಗೂ, 20 ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ 10,000 ರೂಪಾಯಿಗೂ ಏರಿಸಿತು. ಆದರೂ ಲಕ್ಷಗಳ ಮುಂದೆ ಸಾವಿರಗಳ ಲೆಕ್ಕವೆಷ್ಟು? ಹೊಸ ಮೈ ಹಳೆಯ ಸಂಖ್ಯೆಯ ಮೇಲೆ ಕೂತರೆ ಉಳಿತಾಯ ಕಣ್ಣಿಗೆ ಕಾಣುವಂಥದು.

ಈ ಉಪಾಯ ನಮ್ಮಲ್ಲೇ ಹುಟ್ಟಿತೆಂದು ಅಭಿಮಾನಪಡಬೇಕಾದ್ದಿಲ್ಲ. ಬ್ರಿಟನ್ನಿನಲ್ಲಿ 1973ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ರಸ್ತೆ ತೆರಿಗೆಯ ವಿನಾಯಿತಿ ಬಹುಕಾಲ ನಡೆದುಬಂದಿತ್ತು. 2014ರಿಂದ ಅದು 40 ವರ್ಷ ತುಂಬಿದ ಗಾಡಿಗಳಿಗೆ ವಿಸ್ತರಿಸಿತು. ಲ್ಯಾಂಡ್ ರೋವರ್ ಸಂಸ್ಥೆಯ ರೇಂಜ್ ರೋವರ್ ಹೊರಬಂದದ್ದು 1970ರಲ್ಲಿ. ಅದೇ 100 ಅಂಗುಲದ ಅಡಿಗಟ್ಟನ್ನು ಆಧರಿಸಿ ಡಿಸ್ಕವರಿ ಎಂಬ ಗಾಡಿ ಬಂದದ್ದು 1989ರಲ್ಲಿ. 1972ರ ರೇಂಜ್ ರೋವರಿನ ಮೈ ತುಕ್ಕು ಹಿಡಿದು ಉದುರಿದ್ದರೆ, ಅದರ ಅಡಿಗಟ್ಟಿಗೆ ಡಿಸ್ಕವರಿಯ ಮೈ ತೊಡಿಸಿ ತೆರಿಗೆ ಉಳಿಸಿದ ಜಾಣರು ಅಲ್ಲಿದ್ದರು. ಹಾಗಾದರೆ ಯಾವುದನ್ನು ಆ ಗಾಡಿ ಎನ್ನುವುದು? ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಭಿಕ್ಷು ನಾಗಸೇನನು ಮಿಲಿಂದರಾಜನನ್ನು ಕೇಳಿದ ಪ್ರಶ್ನೆಯೇ ಇದು. ಬ್ರಿಟಿಷ್ ಅಧಿಕಾರಿಗಳು ದರ್ಶನಶಾಸ್ತ್ರದ ಗೋಜಿಗೆ ಹೋಗದೆ ಅಂಕಗಳನ್ನು ಹಂಚಿದರು: ಅಡಿಗಟ್ಟಿಗೆ 5, ಕಮಾನುಗಳ ಏರ್ಪಾಡು, ಅಚ್ಚುಗಳು, ಗೇರುಪೆಟ್ಟಿಗೆ, ಚಕ್ರ ತಿರುಗಿಸುವ ಸಾಧನ ಇವುಗಳಿಗೆ ಎರಡೆರಡು, ಎಂಜಿನ್ನಿಗೆ 1. ಒಟ್ಟು ಹದಿನಾಲ್ಕರಲ್ಲಿ ಎಂಟು ಬಂದರೆ ಹಳೆಯ ಗುರುತು ಉಳಿಯುತ್ತಿತ್ತು. ಅಡಿಗಟ್ಟನ್ನು ಕೊಯ್ದಿದ್ದರೆ ಅದರ ಐದು ಅಂಕ ಸಿಗುತ್ತಿರಲಿಲ್ಲ. ಮೈಗೆ ಅಂಕವೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಬಣ್ಣ ಬಳಿದ ತಗಡನ್ನು ಕಾನೂನು ಉಡುಪಿನಂತೆ ಕಂಡಿತು.

ನಮ್ಮ ಕಾನೂನು ಉಡುಪನ್ನೂ ಬಿಡುವುದಿಲ್ಲ. ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೂ ನೋಂದಣಿಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ಹೇಳುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಅಂಥ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಎಂದಾಯಿತು. ಐವತ್ತು ವರ್ಷ ಮೀರಿದ ಗಾಡಿಗಳಿಗಾಗಿ 2021ರಲ್ಲಿ ಬಂದ ನಿಯಮಗಳಲ್ಲಿ 'ವಿಎ' ಎಂಬ ವಿಶೇಷ ಸಂಖ್ಯಾಫಲಕವುಂಟು; ಆದರೆ ಅಡಿಗಟ್ಟು, ಮೈ, ಎಂಜಿನ್ನು ಇವುಗಳಲ್ಲಿ ಗಣನೀಯವಾದ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಲೂ ಬಾರದು. ಹೀಗಾಗಿ 1976ರ ಕಾಗದ ತೋರಿಸಿ ಹೊಸ ಮೈಯ ಜೀಪನ್ನು ಪುರಾತನವೆಂದು ಹೇಳಿಕೊಳ್ಳುವ ದಾರಿಯೂ ಮುಚ್ಚಿದೆ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಅಡಿಗಟ್ಟಿನ ಮೇಲೆ ಒತ್ತಿರುವ ಸಂಖ್ಯೆಯ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಭೌತಶಾಸ್ತ್ರ ಕಲಿಸುವವರಾದ ನಮಗೆ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕೆಲವರು ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ಬೇರೆ ಸಂಖ್ಯೆಯನ್ನು ಕುಟ್ಟುತ್ತಾರೆ. ಮೇಲ್ಮೈ ಕನ್ನಡಿಯಂತೆ ನುಣ್ಣಗಾದರೂ ಮೊದಲ ಸಂಖ್ಯೆ ಪೂರ್ಣವಾಗಿ ಅಳಿದಿರುವುದಿಲ್ಲ. ಅಚ್ಚು ಬಿದ್ದ ಕಡೆಯಲ್ಲಿ ಉಕ್ಕಿನ ಹರಳುಗಳು ಕುಳಿಯ ತಳಕ್ಕಿಂತಲೂ ಕೆಳಗಿನವರೆಗೆ ಜಜ್ಜಿಹೋಗಿರುತ್ತವೆ. ತಾಮ್ರದ ಕ್ಲೋರೈಡನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬೆರೆಸಿದ ದ್ರಾವಣದಿಂದ ಆ ಜಾಗವನ್ನು ಒರೆಸಿದರೆ ಜಜ್ಜಿದ ಹರಳುಗಳೂ ಜಜ್ಜದ ಹರಳುಗಳೂ ಬೇರೆ ಬೇರೆ ವೇಗದಿಂದ ಕರಗುತ್ತವೆ. ಮಸುಕಾಗಿ ಹಳೆಯ ಅಂಕೆಗಳು ಮೂಡುತ್ತವೆ. ತೀರ ಆಳಕ್ಕೆ ಉಜ್ಜಿದ್ದರೆ ಮಾತ್ರ ಫಲ ಸಿಗದು. ವಿಧಿವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಇದು ನಿತ್ಯದ ಕೆಲಸ.

ಇನ್ನು ಯಂತ್ರಶಾಸ್ತ್ರಕ್ಕೆ ಬರೋಣ. ತೇರಿನ ಗಡ್ಡೆ ಭಾರ, ಗೋಪುರ ಹಗುರ. ಕಟ್ಟಿದವರು ಗುರುತ್ವಕೇಂದ್ರವೆಂಬ ಪದವನ್ನು ಕೇಳಿರಲಿಲ್ಲವಾದರೂ ಅದನ್ನು ಕೆಳಗಿಡಬೇಕೆಂಬುದನ್ನು ಚೆನ್ನಾಗಿ ಅರಿತಿದ್ದರು. ಜೀಪಿಗೆ ಹೊಸ ಮೈ ತೊಡಿಸುವವರು ಅನೇಕ ವೇಳೆ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಾರೆ. ಒಂದು ಸ್ಥೂಲವಾದ ಲೆಕ್ಕ ಮಾಡೋಣ. ಅಂಕಿಗಳು ತಿಳಿವಳಿಕೆಗಾಗಿ ನಾವು ಹಿಡಿದವು. ಹಳೆಯ ಚಿಕ್ಕ ಜೀಪಿನ ಅಡಿಗಟ್ಟು, ಎಂಜಿನ್ನು, ಅಚ್ಚು, ಗಾಲಿಗಳು ಕೂಡಿ 700 ಕಿಲೋಗ್ರಾಂ, ಅವುಗಳ ಗುರುತ್ವಕೇಂದ್ರ ನೆಲದಿಂದ 50 ಸೆಂಟಿಮೀಟರು ಮೇಲೆ. ಕ್ಯಾನ್ವಾಸು ಮಾಡಿನ ಹಳೆಯ ಮೈ 320 ಕಿಲೋಗ್ರಾಂ, 95 ಸೆಂಟಿಮೀಟರು ಎತ್ತರದಲ್ಲಿ. ಒಟ್ಟಿನ ಗುರುತ್ವಕೇಂದ್ರ 64 ಸೆಂಟಿಮೀಟರಿನಲ್ಲಿ ಬೀಳುತ್ತದೆ. 60 ಕಿಲೋಗ್ರಾಮಿನ ಆರು ಜನ ಹತ್ತಿ ಕುಳಿತರೆ 76ಕ್ಕೆ ಏರುತ್ತದೆ. ಈಗ ಹಳೆಯ ಮೈಯನ್ನು ತೆಗೆದು 650 ಕಿಲೋಗ್ರಾಮಿನ ಗಟ್ಟಿ ಮಾಡಿನ ಹೊಸ ಮೈಯನ್ನು, ಎತ್ತರದ ಟಯರುಗಳನ್ನೂ ಲೆಕ್ಕಕ್ಕೆ ಹಿಡಿದು, 115 ಸೆಂಟಿಮೀಟರಿನಲ್ಲಿ ಇಡಿ. ಖಾಲಿ ಗಾಡಿಯ ಗುರುತ್ವಕೇಂದ್ರವೇ 81 ಆಗುತ್ತದೆ. ಆರು ಜನ ಕುಳಿತಾಗ 89.

ಇದರಿಂದ ಏನಾಯಿತು? ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಉರುಳಿಸುವ ಪ್ರವೃತ್ತಿ ಗುರುತ್ವಕೇಂದ್ರದ ಎತ್ತರಕ್ಕೆ ಅನುಗುಣವಾಗಿರುತ್ತದೆ. ಅದನ್ನು ನೆಲಕ್ಕೆ ಹಿಡಿದಿಡುವ ಪ್ರವೃತ್ತಿ ಎಡಬಲ ಗಾಲಿಗಳ ಅಂತರದ ಅರ್ಧಕ್ಕೆ ಅನುಗುಣವಾಗಿರುತ್ತದೆ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಆ ಅಂತರ ಸುಮಾರು 123 ಸೆಂಟಿಮೀಟರು, ಅರ್ಧ 61.5. ಇದನ್ನು ಎತ್ತರದಿಂದ ಭಾಗಿಸಿದರೆ ಆರು ಜನರ ಹಳೆಯ ಜೀಪಿಗೆ 0.81, ಆರು ಜನರ ಹೊಸ ಮೈಯ ಜೀಪಿಗೆ 0.69 ಬರುತ್ತದೆ. ಒಣ ಡಾಂಬರು ರಸ್ತೆಯ ಮೇಲೆ ಟಯರಿನ ಘರ್ಷಣಾಂಕವನ್ನು 0.75 ಎಂದು ಹಿಡಿಯೋಣ. ಮೊದಲನೆಯ ಜೀಪಿನ ಅಂಕಿ ಇದಕ್ಕಿಂತ ಹೆಚ್ಚು, ಎರಡನೆಯದರದು ಕಡಿಮೆ. ಅಂದರೆ ವೇಗ ಮಿತಿಮೀರಿದಾಗ ಹಳೆಯ ಜೀಪು ಉರುಳುವ ಮೊದಲು ಜಾರುತ್ತದೆ. ಹೊಸ ಮೈಯ ಜೀಪು ಜಾರುವ ಮೊದಲೇ ಉರುಳುತ್ತದೆ. 30 ಮೀಟರು ತ್ರಿಜ್ಯದ ತಿರುವಿನಲ್ಲಿ ಜಾರುವ ವೇಗ ಗಂಟೆಗೆ 53 ಕಿಲೋಮೀಟರು, ಹೊಸ ಮೈಯ ಜೀಪು ಉರುಳುವ ವೇಗ 51. ಕಮಾನುಗಳು ಬಾಗಿ ಗಾಡಿ ಓಲುವುದರಿಂದ ನಿಜವಾದ ಮಿತಿ ಇನ್ನೂ ಕೆಳಗೆ. ಎರಡು ಕಿಲೋಮೀಟರಿನ ಅಂತರವನ್ನು ಕಂಡು ನಗಬಾರದು. ಜಾರುವ ಗಾಡಿ ಟಯರು ಕಿರಿಚುವುದರಿಂದ ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ, ವೇಗ ಇಳಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಒಳಬದಿಯ ಗಾಲಿ ಮೇಲೆದ್ದ ಗಾಡಿ ಹಿಂತಿರುಗುವುದು ಅಪರೂಪ. ಅಗಲವಾದ ಟಯರುಗಳನ್ನು ಹಾಕಿದರೆ ಗಾಲಿಗಳ ಅಂತರ ಸ್ವಲ್ಪ ಹೆಚ್ಚುತ್ತದೆಂಬುದೂ ನಿಜವೇ. ಆದರೆ ಅವು ಸಾಮಾನ್ಯವಾಗಿ ಎತ್ತರವಾಗಿಯೂ ಇರುವುದರಿಂದ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತವೆ.

ಕಣ್ಣಿಗೆ ಕಾಣದ ತೊಂದರೆ ಅಡಿಗಟ್ಟಿನ ತಿರುಚಿನದು. ಇದನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ ಅಂಚನ್ನು ಅಂಟಿಸಿ, ಎರಡು ತುದಿಗಳನ್ನು ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿ, ಅದು ಜಗ್ಗುವುದಿಲ್ಲ. ಈಗ ಅದೇ ಕೊಳವೆಯನ್ನು ಉದ್ದಕ್ಕೆ ಸೀಳಿ ಮತ್ತೆ ತಿರುಚಿ, ಹಾವಿನಂತೆ ಹೊರಳುತ್ತದೆ. ಕಾಗದ ಅದೇ, ತೂಕ ಅದೇ. ಮುಚ್ಚಿದ ಕೊಳವೆಯಲ್ಲಿ ಎಳೆತವು ಗೋಡೆಯ ಸುತ್ತಲೂ ಹರಿದು ಒಂದಕ್ಕೊಂದು ಆಸರೆಯಾಗುತ್ತದೆ; ಸೀಳಿದಾಗ ಆ ಹರಿವು ಕಡಿಯುತ್ತದೆ. 100 ಮಿಲಿಮೀಟರು ಎತ್ತರ, 50 ಅಗಲ, 3 ಮಿಲಿಮೀಟರು ದಪ್ಪದ ಉಕ್ಕಿನ ಪೆಟ್ಟಿಗೆತೊಲೆಗೆ ಲೆಕ್ಕ ಹಾಕಿದರೆ, ಉದ್ದಕ್ಕೆ ಸೀಳಿದ ತೊಲೆಗಿಂತ ಅದು ಸುಮಾರು 370 ಪಟ್ಟು ಬಿಗಿ.

ಹಳೆಯ ಜೀಪಿನ ತೊಲೆಗಳು ಬಹುಭಾಗ ಒಂದು ಬದಿ ತೆರೆದ ಕಾಲುವೆಯಂಥವು. ಹೊಲದ ಬದುವನ್ನು ದಾಟುವಾಗ ಅಡಿಗಟ್ಟು ಸ್ವಲ್ಪ ಹೊರಳಿ ನಾಲ್ಕು ಗಾಲಿಗಳನ್ನೂ ನೆಲಕ್ಕೆ ತಾಗಿಸಬೇಕು. ಮೇಲಿನ ಸಡಿಲವಾದ ಹಗುರ ಮೈ ಅದರ ಜೊತೆಯಲ್ಲೇ ಹೊರಳುತ್ತದೆ. ಇಂಥ ಅಡಿಗಟ್ಟಿಗೆ ಪೆಟ್ಟಿಗೆಯಂತೆ ಬಿಗಿಯಾದ ಹೊಸ ಮೈಯನ್ನು ಬೋಲ್ಟು ಹಾಕಿದರೆ ಒಂದು ಹೊರಳಲು ಬಯಸುತ್ತದೆ, ಇನ್ನೊಂದು ಬಿಡುವುದಿಲ್ಲ. ಜಗಳವೆಲ್ಲ ಬೋಲ್ಟು ಕೂತ ಆರೆಂಟು ರಂಧ್ರಗಳಲ್ಲಿ ನಡೆಯುತ್ತದೆ. ಘತ್ತರಗಿಯ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವಂಥದು. ಅದರ ಮೇಲಿನ ರಸ್ತೆ ಎಷ್ಟು ಚೆನ್ನಾಗಿ ಹಾಕಿದರೂ ಅಲೆಅಲೆಯಾಗಿ ಏಳುತ್ತದೆ. ಎಡಗಾಲಿ ತಗ್ಗಿಗೆ, ಬಲಗಾಲಿ ದಿಣ್ಣೆಗೆ, ಮರುಕ್ಷಣ ಅದರ ವಿಲೋಮ. ದಿನಕ್ಕೆ ಸಾವಿರಾರು ಸಲ ತಿರುಚು ಹಿಂದಕ್ಕೂ ಮುಂದಕ್ಕೂ ನಡೆಯುತ್ತದೆ.

ಒಂದೇ ಸಲಕ್ಕೆ ಮುರಿಯಲಾರದ ಬಲವು ಮರುಕಳಿಸಿ ಮರುಕಳಿಸಿ ಲೋಹವನ್ನು ಮುರಿಯಬಲ್ಲುದೆಂಬುದನ್ನು ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರನು ಗಾಲಿಯ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ತೋರಿಸಿಕೊಟ್ಟನು. ಇದಕ್ಕೆ ಲೋಹದ ದಣಿವು ಎನ್ನಬಹುದು. ಕೂದಲೆಳೆಯಂಥ ಬಿರುಕು ರಂಧ್ರದ ಅಂಚಿನಲ್ಲೋ ಬೆಸುಗೆಯ ಪಕ್ಕದಲ್ಲೋ ಹುಟ್ಟಿ, ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆದು, ಒಂದು ದಿನ ಹಠಾತ್ತನೆ ಬಾಯಿ ಬಿಡುತ್ತದೆ. ನಲವತ್ತೈವತ್ತು ವರ್ಷ ಹೊರಳಿದ ಅಡಿಗಟ್ಟು ತನ್ನ ಆಯುಷ್ಯದ ಎಷ್ಟು ಭಾಗವನ್ನು ಈಗಾಗಲೇ ಕಳೆದಿದೆಯೆಂಬುದು ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ.

ಬೆಸುಗೆಯ ಮಾತು ಸುಮ್ಮನೆ ಬರಲಿಲ್ಲ. ಹಳೆಯ ಚಿಕ್ಕ ಜೀಪಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ದೂರ 80 ಅಂಗುಲ, ಅಂದರೆ 2,032 ಮಿಲಿಮೀಟರು. ಈಗಿನ ಮೂರು ಬಾಗಿಲಿನ ಥಾರಿನಲ್ಲಿ ಅದು 2,450. ಆ ಅಳತೆಯ ಮೈಯನ್ನು ಕೂರಿಸಬೇಕಾದರೆ ಮೈಯನ್ನು ಗಿಡ್ಡ ಮಾಡಬೇಕು, ಇಲ್ಲವೆ ಅಡಿಗಟ್ಟನ್ನು ನಡುವೆ ಕೊಯ್ದು ತುಂಡು ಸೇರಿಸಿ ಬೆಸೆಯಬೇಕು. ಎರಡು ತುದಿಗಳ ಮೇಲೆ ನಿಂತ ತೊಲೆಯಂತೆ ಭಾವಿಸಿದರೆ, ಉದ್ದ 1.2 ಪಟ್ಟು, ಭಾರ 1.24 ಪಟ್ಟು ಆದಾಗ ನಡುವಿನ ಬಾಗಿಸುವ ಬಲ ಸುಮಾರು ಒಂದೂವರೆ ಪಟ್ಟಾಗುತ್ತದೆ. ಬಾಗುವಿಕೆಯಾದರೋ ಉದ್ದದ ಘನಕ್ಕೆ ಅನುಗುಣವಾದ್ದರಿಂದ ಎರಡು ಪಟ್ಟನ್ನೂ ಮೀರುತ್ತದೆ. ಬಲ ಅತಿ ಹೆಚ್ಚಾದ ನಡುವಿನ ಸ್ಥಳದಲ್ಲಿಯೇ ಬೆಸುಗೆಯೂ ಇರುವುದು! ಬೆಸುಗೆಯ ಕಾವಿನಿಂದ ಅಕ್ಕಪಕ್ಕದ ಉಕ್ಕಿನ ಹರಳುಗಳ ರಚನೆ ಬದಲಾಗಿ ಅಲ್ಲಿಯೇ ಬಿರುಕು ಹುಟ್ಟಲು ಅನುಕೂಲವಾಗುತ್ತದೆ.

ಬ್ರೇಕಿನ ಲೆಕ್ಕ ಚಿಕ್ಕದು. ಆರು ಜನರ ಹಳೆಯ ಜೀಪು 1,380 ಕಿಲೋಗ್ರಾಂ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿ 192 ಕಿಲೋಜೂಲು. ಹೊಸ ಮೈಯ ಜೊತೆಗೆ ಬಲವಾದ ಡೀಸೆಲ್ ಎಂಜಿನ್ನನ್ನೂ ಕೂರಿಸಿದ 1,710 ಕಿಲೋಗ್ರಾಮಿನ ಗಾಡಿ 80ರ ವೇಗದಲ್ಲಿ ಹೋದರೆ 422. ಗಾಡಿಯನ್ನು ನಿಲ್ಲಿಸಿದಾಗ ಇದೆಲ್ಲವೂ ಶಾಖವಾಗಿ ಬ್ರೇಕಿನ ಡ್ರಮ್ಮುಗಳನ್ನು ಸೇರಬೇಕು. ನಾಲ್ಕು ಡ್ರಮ್ಮುಗಳ ಕಬ್ಬಿಣ 20 ಕಿಲೋಗ್ರಾಂ ಎಂದರೆ ಒಂದೊಂದು ನಿಲುಗಡೆಗೂ ಉಷ್ಣತೆ ಮೊದಲನೆಯದರಲ್ಲಿ 21 ಡಿಗ್ರಿ, ಎರಡನೆಯದರಲ್ಲಿ 46 ಡಿಗ್ರಿ ಏರುತ್ತದೆ. ಜಾತ್ರೆಯ ಸಂದಣಿಯಲ್ಲಿ ಮೇಲಿಂದ ಮೇಲೆ ಬ್ರೇಕು ಒತ್ತಿದರೆ ಕಾದ ಡ್ರಮ್ಮು ಹಿಗ್ಗಿ ಒಳಗಿನ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ.

ಹಳೆಯ ಜೀಪನ್ನು ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ತುಕ್ಕು ಹಿಡಿದ ತಗಡಿನ ಬದಲು ಮೊದಲಿನ ಆಕಾರದ, ಮೊದಲಿನ ತೂಕದ ತಗಡು ಹಾಕಿಸಬಹುದು. ಬ್ರೇಕು ಕಮಾನುಗಳನ್ನು ಸರಿಪಡಿಸಿಕೊಳ್ಳಬಹುದು. ಎಂಜಿನ್ನು ಸವೆದಿದ್ದರೆ ನೋಂದಣಿ ಅಧಿಕಾರಿಯ ಅನುಮತಿ ಪಡೆದು ಅದೇ ಜಾತಿಯದನ್ನು ಕೂರಿಸಲು ಕಾನೂನಿನಲ್ಲಿ ಅವಕಾಶವುಂಟು. ನಮಗಂತೂ ಕ್ಯಾನ್ವಾಸು ಮಾಡಿನ ಹಳೆಯ ಜೀಪೇ ಕಣ್ಣಿಗೆ ಹಿತವಾಗಿ ತೋರುತ್ತದೆ. ಇದು ವಿಜ್ಞಾನವಲ್ಲ, ಅಭಿರುಚಿ.

ಆ ದಿವಸ ಘತ್ತರಗಿಯಲ್ಲಿ ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. ನೋಂದಣಿಪತ್ರದಲ್ಲಿ ಅಚ್ಚುಗಳ ನಡುವಿನ ದೂರ 2,032 ಮಿಲಿಮೀಟರು ಎಂದು ಬರೆದಿತ್ತು. ಪಕ್ಕದ ಅಂಗಡಿಯಿಂದ ಒಂದು ಅಳತೆಯ ಟೇಪನ್ನು ತರಿಸಿ, ಮುಂಗಾಲಿಯ ನಡುವಿಗೆ ಒಂದು ತುದಿಯನ್ನು ಅವರ ಕೈಯಿಂದಲೇ ಹಿಡಿಸಿ, ಹಿಂಗಾಲಿಯ ನಡುವಿನವರೆಗೆ ನಾವು ಎಳೆದೆವು. 96 ಅಂಗುಲ. ಆಮೇಲೆ ಅವರು ಧೋತರ ಎತ್ತಿ ಕಟ್ಟಿ, ನೆಲಕ್ಕೆ ಕೈಯೂರಿ, ಜೀಪಿನ ಕೆಳಗೆ ಬಗ್ಗಿದರು. ಕಪ್ಪು ಬಣ್ಣದ ಅಡಿಯಲ್ಲಿ ಬೆಸುಗೆಯ ಗೆರೆ ಎರಡೂ ತೊಲೆಗಳ ಮೇಲೆ ಬೆರಳಿಗೆ ಸಿಗುತ್ತಿತ್ತು.

"ಬ್ಯಾಡ ಬಿಡ್ರಿ ಸರ" ಎಂದು ಕೈ ಕೊಡವಿಕೊಂಡು ಎದ್ದರು. ಮುಂಗಡದ ಹಣ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು. ಊರಿಗೆ ಎಲ್ಲರೂ ಬಸ್ಸಿನಲ್ಲಿ ಹಿಂತಿರುಗಿದೆವು.